ಆತಿಥೇಯವಿಶ್ರಾಂತಿ ಮೀಮಾಂಸೆ: ಮಂಗಳೂರಿಗೆ ಬಂದ ನೆಂಟರು ಉಡುಪಿಗೆ ಹೋಗಿಬರುವುದರ ನಿಜವಾದ ಪ್ರಯೋಜನ

ರಜೆಗೆಂದು ಮಂಗಳೂರಿಗೆ ಬಂದ ನೆಂಟರು ಮೂರನೆಯ ದಿನ ಉಡುಪಿಗೆ ಯಾಕೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನು ಶಾಸ್ತ್ರಕಾರರು ಈವರೆಗೆ ಎತ್ತಿಕೊಂಡಂತಿಲ್ಲ. ಘಟನೆಯ ಕ್ರಮ ಮಾತ್ರ ಎಲ್ಲರಿಗೂ ಗೊತ್ತಿರುವಂಥದ್ದೇ. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದ ಕುಟುಂಬ ಶಿರಾಡಿ ಘಾಟಿಯ ತಿರುವುಗಳಲ್ಲಿ ಕಳೆದುಕೊಂಡ ನಿದ್ದೆಯನ್ನು ಮೊದಲ ದಿನ ವಸೂಲಿ ಮಾಡಿಕೊಳ್ಳುತ್ತದೆ. ಎರಡನೆಯ ದಿನ ಕದ್ರಿ ದೇವಸ್ಥಾನ, ಪಣಂಬೂರು ಕಡಲು, ಗಡ್‌ಬಡ್ ಐಸ್‌ಕ್ರೀಮು ಎಂಬ ತ್ರಿಸ್ಥಳ ಯಾತ್ರೆ ಮುಗಿಯುತ್ತದೆ. ಮೂರನೆಯ ದಿನ ಬೆಳಗ್ಗೆ ಎಲ್ಲರೂ ಮಿಂದು, ಮಕ್ಕಳಿಗೆ ವಾಂತಿ ಮಾತ್ರೆ ನುಂಗಿಸಿ, ಕಾರು ಹತ್ತಿ ಉತ್ತರಕ್ಕೆ ಹೊರಟುಬಿಡುತ್ತಾರೆ. ಪ್ರವಾಸದ ಕರಪತ್ರಗಳು ಇದಕ್ಕೆ ಕೊಡುವ ವಿವರಣೆ ಸರಳ: ಉಡುಪಿ 60 ಕಿಲೋಮೀಟರಿನೊಳಗಿದೆ, ನೋಡತಕ್ಕ ಊರು, ಆದ್ದರಿಂದ ಹೋಗುತ್ತಾರೆ. ನೋಡತಕ್ಕ ಊರು ಎಂಬುದರಲ್ಲಿ ನಮ್ಮ ತಕರಾರಿಲ್ಲ. ತಕರಾರಿರುವುದು ‘ಆದ್ದರಿಂದ’ ಎಂಬಲ್ಲಿ. ಒಂದು ದಿನದ ಮಟ್ಟಿಗೆ ಎರಡನೆಯ ಊರಿಗೆ ಹೋಗಿಬರುವ ಪದ್ಧತಿ ಹುಟ್ಟಿದ್ದು ಎರಡನೆಯ ಊರನ್ನು ನೋಡುವುದಕ್ಕಲ್ಲ, ಮೊದಲನೆಯ ಊರಿನ ಮನೆಯವರಿಗೆ ಒಂದು ದಿನ ರಜೆ ಸಿಗುವುದಕ್ಕೆ ಎಂದು ಸಾಧಿಸುವುದು ಈ ಪ್ರಬಂಧದ ಉದ್ದೇಶ.

ಸಾಧಿಸುವ ಕ್ರಮವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿಷಯ ಉಡುಪಿಗೆ ಸೇರಿದ್ದರಿಂದ ಪ್ರಮಾಣಗಳನ್ನೂ ಉಡುಪಿಯಿಂದಲೇ ಎರವಲು ತರಲಾಗಿದೆ. 13ನೇ ಶತಮಾನದಲ್ಲಿ ಅಲ್ಲಿ ಕೃಷ್ಣನನ್ನು ಪ್ರತಿಷ್ಠಾಪಿಸಿದ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಪ್ರಮಾಣಗಳನ್ನು ಒಪ್ಪಿದವರು. ನಾವೂ ಮೂರರಲ್ಲೇ ಮುಗಿಸುತ್ತೇವೆ. ಭೇದವೇ ಸತ್ಯ ಎಂಬ ಅವರ ನಿಲುವನ್ನು ತಲೆಬಾಗಿ ಒಪ್ಪಿಕೊಂಡು, ಪಂಚಭೇದಗಳ ಪಟ್ಟಿಯಲ್ಲಿ ಜಾಗ ಸಿಗದ ಆರನೆಯದೊಂದನ್ನು ವಿನಯದಿಂದ ಮುಂದಿಡುತ್ತೇವೆ: ಅತಿಥಿ–ಆತಿಥೇಯ ಭೇದ. ಒಂದೇ ಮನೆಯಲ್ಲಿ, ಒಂದೇ ಫ್ಯಾನಿನ ಕೆಳಗೆ, ಒಂದೇ ಬೇಸಗೆಯಲ್ಲಿ ಇಬ್ಬರೂ ಇದ್ದರೂ ಒಬ್ಬರಿಗೆ ಅದು ರಜೆ, ಇನ್ನೊಬ್ಬರಿಗೆ ಅಲ್ಲ. ಆತಿಥೇಯ ಎಂದ ಕೂಡಲೇ ಮನೆಯ ಯಜಮಾನರನ್ನು ನೆನೆಯಬಾರದು. ಯಜಮಾನರು ನೆಂಟರ ಜೊತೆ ಹೊರಜಗಲಿಯಲ್ಲಿ ಕೂತು, ಬೆಂಗಳೂರಿನ ಟ್ರಾಫಿಕ್ಕನ್ನೂ ಮಂಗಳೂರಿನ ಸೆಕೆಯನ್ನೂ ತೂಗಿ ನೋಡಿ, ಮಧ್ಯೆ ಮಧ್ಯೆ ಒಳಗೆ ತಿರುಗಿ ‘ಚಾ ಆಯ್ತಾ?’ ಎಂದು ಕೇಳುವವರು. ಶಾಸ್ತ್ರದೃಷ್ಟಿಯಿಂದ ಅವರು ಮುಕ್ಕಾಲು ಅತಿಥಿ. ಒಲೆಯ ಮುಂದೆ ನಿಂತವರು ಯಾರೋ ಅವರೇ ಇಲ್ಲಿ ಆತಿಥೇಯ.

ಮೊದಲು ಪ್ರತ್ಯಕ್ಷ. ನೆಂಟರು ಮನೆಯಲ್ಲಿರುವ ದಿನದ ಬೆಳಗಿನ ಅಡುಗೆಮನೆಯನ್ನು ಪರೀಕ್ಷಿಸೋಣ. ಮಂಗಳೂರಿಗೆ ಬಂದವರಿಗೆ ನೀರ್‌ದೋಸೆ ಮಾಡಿ ಬಡಿಸದಿದ್ದರೆ ಮರ್ಯಾದೆಯಲ್ಲ. ಹಿಂದಿನ ರಾತ್ರಿ ನೆನೆಹಾಕಿದ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರು ಬೆರೆಸಿ ತೆಳ್ಳಗೆ ಮಾಡಿ, ಚೆನ್ನಾಗಿ ಕಾದ ಕಾವಲಿಗೆ ಹೊಯ್ದು, ಮುಚ್ಚಳ ಮುಚ್ಚಬೇಕು. ಅಂಚು ಎದ್ದ ಮೇಲೆ ಮಗುಚಿ ಹಾಕದೆ ಹಾಗೆಯೇ ತೆಗೆದು, ಆವಿ ಆರಲೆಂದು ಬಿಡಿಸಿ ಹರಡಿ, ಆಮೇಲೆ ಮಡಚಬೇಕು. ಬಿಸಿಯಲ್ಲೇ ಒಂದರ ಮೇಲೊಂದು ಪೇರಿಸಿದರೆ ಎಲ್ಲ ಸೇರಿ ಮುದ್ದೆ. ಇಡ್ಲಿಯನ್ನು ಒಂದು ಸಲಕ್ಕೆ ಹದಿನಾರರಂತೆ ಬೇಯಿಸಿ ಕೈತೊಳೆದುಕೊಳ್ಳಬಹುದು. ನೀರ್‌ದೋಸೆ ಒಂದೊಂದೇ ಹುಟ್ಟುತ್ತದೆ. ಎಂಟು ಜನಕ್ಕೆ ತಲಾ ಐದೆಂದರೂ ನಲವತ್ತು. ‘ಎಷ್ಟು ಹಗುರ ಅಂದ್ರೆ, ತಿಂದಿದ್ದೇ ಗೊತ್ತಾಗಲ್ಲ ಕಣ್ರೀ’ ಎಂಬ ಬೆಂಗಳೂರಿನವರ ಪ್ರಶಂಸೆ ಸೇರಿದರೆ ಅರವತ್ತು. ಕೊನೆಯ ದೋಸೆ ಕಾವಲಿಯಿಂದ ಏಳುವ ಹೊತ್ತಿಗೆ ಮೊದಲ ದೋಸೆ ತಿಂದವರಿಗೆ ಹನ್ನೊಂದು ಗಂಟೆಯ ಚಾ ನೆನಪಾಗಿರುತ್ತದೆ. ಇನ್ನು ಮೂರನೆಯ ದಿನದ, ಅಂದರೆ ಉಡುಪಿ ದಿನದ, ಅದೇ ಅಡುಗೆಮನೆ: ಒಲೆ ಆರಿದೆ. ಕುಚ್ಚಲಕ್ಕಿ ಗಂಜಿ ಒಂದು ಬಟ್ಟಲು, ನಿನ್ನೆಯ ಬಂಗುಡೆ ಪುಳಿಮುಂಚಿ, ಉಪ್ಪಿನಕಾಯಿ. ತಿಂದವರು ಒಬ್ಬರೇ, ಅದೂ ಕೂತುಕೊಂಡು. ಎರಡು ಗಂಟೆಗೆ ಒಳಕೋಣೆಯಲ್ಲಿ ಚಾಪೆ ಹಾಸಿದೆ. ಇಷ್ಟನ್ನು ಕಣ್ಣಾರೆ ಕಂಡ ಮೇಲೂ ಈ ಪ್ರವಾಸದ ಫಲಾನುಭವಿ ಯಾರೆಂದು ಕೇಳುವವರಿಗೆ ಬೇರೆ ಎರಡು ಪ್ರಮಾಣಗಳು ಬೇಕಾಗುತ್ತವೆ.

ಅನುಮಾನ ಪ್ರಮಾಣವನ್ನು ದೂರದ ಲೆಕ್ಕದಿಂದ ಕಟ್ಟಬಹುದು. ನೋಡತಕ್ಕ ಊರು ಎಂಬುದೇ ಕಾರಣವಾಗಿದ್ದರೆ ದೂರಕ್ಕೆ ಬೆಲೆ ಇರಬಾರದಿತ್ತು. ಕಟೀಲು 30 ಕಿಲೋಮೀಟರಿನೊಳಗಿದೆ, ನದಿಯ ನಡುವೆ ದೇವಸ್ಥಾನವಿದೆ, ಮಧ್ಯಾಹ್ನ ಊಟವೂ ಉಂಟು. ಆದರೆ ಕಟೀಲಿಗೆ ಹೋದವರು ಮೂರು ಗಂಟೆಗೆ ವಾಪಸು ಬಂದು, ನಾಲ್ಕು ಗಂಟೆಗೆ ಗೋಳಿಬಜೆ ಬಯಸುತ್ತಾರೆ. ಆದ್ದರಿಂದ ಕಟೀಲು ಎರಡನೆಯ ಊರಿನ ಪಟ್ಟಕ್ಕೇರದೆ ‘ಹೋಗುವಾಗ ಒಂದು ನಮಸ್ಕಾರ ಹಾಕಿ’ ಎಂಬ ಸ್ಥಾನದಲ್ಲಿ ನಿಂತಿದೆ. ಇತ್ತ ಕೊಲ್ಲೂರು 100 ಕಿಲೋಮೀಟರಿಗಿಂತ ಆಚೆ. ಅಷ್ಟು ದೂರಕ್ಕೆ ನೆಂಟರನ್ನಷ್ಟೇ ಕಳಿಸುವುದು ಚೆಂದವಲ್ಲ. ‘ನೀವೂ ಬನ್ನಿ ಅತ್ತಿಗೆ’ ಎಂದು ಅವರು ಪಟ್ಟುಹಿಡಿಯುತ್ತಾರೆ, ಆತಿಥೇಯರು ನಾಲ್ಕು ಗಂಟೆಗೆ ಎದ್ದು ದಾರಿಗೆಂದು ಪುಳಿಯೋಗರೆ ಕಲಸುವ ಸ್ಥಿತಿ ಬರುತ್ತದೆ. ಹೀಗೆ ಕೆಳಮಿತಿ ಮೇಲ್ಮಿತಿಗಳೆರಡೂ ಸಿಕ್ಕಿದವು. ಮಧ್ಯಾಹ್ನದ ಊಟ ಅತ್ತ ಕಡೆಯಲ್ಲೇ ಆಗಬೇಕು, ಸಂಜೆಯ ಚಾಕ್ಕೆ ಇತ್ತ ಮುಟ್ಟಬಾರದು, ರಾತ್ರಿ ಮಲಗುವುದಕ್ಕೆ ಮಾತ್ರ ಬಂದು ಸೇರಬೇಕು. ಈ ಮೂರು ಲಕ್ಷಣಗಳೂ ಕೂಡಿದ ದೂರವನ್ನು ‘ಊಟಾಂತರ’ ಎಂದು ಕರೆಯೋಣ. ಉಡುಪಿ ಮಂಗಳೂರಿನಿಂದ ಸರಿಯಾಗಿ ಒಂದು ಊಟಾಂತರದಲ್ಲಿದೆ. ಅಲ್ಲಿನ ಕೃಷ್ಣಮಠದಲ್ಲಿ ಮಧ್ಯಾಹ್ನದ ಪ್ರಸಾದಭೋಜನ ಇರುವುದರಿಂದ ಮೊದಲ ಲಕ್ಷಣವಂತೂ ಸಾಕ್ಷಾತ್ ಕೃಷ್ಣನೇ ನಡೆಸಿಕೊಡುವಂಥದ್ದು.

ಎರಡನೆಯ ಲಕ್ಷಣಕ್ಕೆ, ಅಂದರೆ ಸಂಜೆಯ ಚಾ ತಪ್ಪಿಸುವುದಕ್ಕೆ, ಭೂಗೋಳದ ಸಹಾಯವಿದೆ. ನಮ್ಮ ಕರಾವಳಿಯ ಮುಖ ಪಶ್ಚಿಮಕ್ಕೆ. ಮಲ್ಪೆಯಲ್ಲಿ ಸೂರ್ಯ ಕಡಲಿಗೇ ಮುಳುಗುತ್ತಾನೆ. ಅವನಿಗೆ ಬೇಗ ಮುಳುಗೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವೂ ಸಂಜೆಯ ಹೊತ್ತಿಗೇ ಸಂದರ್ಶಕರನ್ನು ಮೇಲೆ ಹತ್ತಿಸುವಂಥದ್ದು. ಎಂದ ಮೇಲೆ ಊಟ ಮುಗಿಸಿದ ನೆಂಟರು ಸಂಜೆಯವರೆಗೆ ಆ ಕಡೆಯೇ ಸುತ್ತುತ್ತಿರಬೇಕು. ಆ ಖಾಲಿ ಹೊತ್ತನ್ನು ತುಂಬಲಿಕ್ಕೆ ಮಣಿಪಾಲವಿದೆ, ಮಣಿಪಾಲದಲ್ಲಿ ಅಂಗರಚನಾ ವಸ್ತುಸಂಗ್ರಹಾಲಯವಿದೆ. ಊಟವಾದ ಕೂಡಲೇ ಅದನ್ನು ನೋಡಿದವರು ನಾಲ್ಕು ಗಂಟೆಗೆ ತಿಂಡಿಯ ಮಾತೆತ್ತುವುದು ಕಡಿಮೆ. ಇಲ್ಲೊಂದು ಆಕ್ಷೇಪ ಏಳುತ್ತದೆ. ಅದೇ ಸೂರ್ಯ, ಅದೇ ಅರಬ್ಬಿ ಸಮುದ್ರ ಮಂಗಳೂರಿನ ಪಣಂಬೂರಿನಲ್ಲೂ ತಣ್ಣೀರುಬಾವಿಯಲ್ಲೂ ಇವೆಯಲ್ಲ, ಮಲ್ಪೆಯ ಮುಳುಗು ಯಾತರಲ್ಲಿ ಹೆಚ್ಚು? ಯಾತರಲ್ಲೂ ಹೆಚ್ಚಲ್ಲ. ಮಲ್ಪೆಯಲ್ಲಿ ಸೂರ್ಯ ಮುಳುಗಿದ ಮೇಲೆ ಮನೆ ಮುಟ್ಟಲು ಎರಡು ಗಂಟೆ ಹಿಡಿಯುತ್ತದೆ, ಪಣಂಬೂರಿನಲ್ಲಿ ಮುಳುಗಿದರೆ ಅರ್ಧ ಗಂಟೆ. ಮೊದಲನೆಯ ಊರಿನಲ್ಲೇ ಇರುವುದನ್ನು ಎರಡನೆಯ ಊರಿನಲ್ಲಿ ತೋರಿಸಿಕೊಂಡು ಬರುವುದರ ಅರ್ಥ ಈ ಒಂದೂವರೆ ಗಂಟೆಯಲ್ಲೇ ಅಡಗಿದೆ.

ಇನ್ನು ಆಗಮ, ಅಂದರೆ ಆಪ್ತವಾಕ್ಯ. ಪೂರ್ವಪಕ್ಷಿಯು ಇಲ್ಲಿ ಮಧ್ಯೆ ಬಾಯಿ ಹಾಕಿ, ಉಡುಪಿಯ ಮಾತು ತೆಗೆಯುವವರು ನೆಂಟರೇ, ಮನೆಯವರಲ್ಲ ಎನ್ನುತ್ತಾನೆ. ಇದು ವಾಕ್ಯಗಳನ್ನು ಅನುಕ್ರಮವಾಗಿ ಓದದವನ ಮಾತು. ಎರಡನೆಯ ದಿನ ರಾತ್ರಿ ಊಟಕ್ಕೆ ಕೂತಾಗ, ಸಾರು ಬಡಿಸುತ್ತಾ, ಯಾರನ್ನೂ ನೋಡದೆ ಹೇಳುವ ಮಾತೊಂದಿದೆ: ‘ಇಷ್ಟು ದೂರ ಬಂದು ಉಡುಪಿಗೆ ಹೋಗದೆ ಹೋಗುವುದಾ ಮಾರಾಯ್ರೆ?’ ಇದರಲ್ಲಿ ಆಹ್ವಾನವಿಲ್ಲ, ಆಜ್ಞೆಯಿಲ್ಲ, ಬರೀ ಆಶ್ಚರ್ಯವಿದೆ. ಉತ್ತರವಾಗಿ ನೆಂಟರು ‘ಹೌದಲ್ವಾ, ಹೇಗೂ ಬಂದಿದ್ದೀವಿ’ ಎಂದು ತಾವೇ ತೀರ್ಮಾನಿಸಿದಂತೆ ತೀರ್ಮಾನಿಸುತ್ತಾರೆ. ‘ಹೇಗೂ ಬಂದಿದ್ದೀವಿ’ ನ್ಯಾಯದ ಬಲ ಅಪಾರ. ಇದೇ ನ್ಯಾಯದಿಂದ ಉಡುಪಿಯ ಬಾಲಕ್ಕೆ ಮಲ್ಪೆ, ಮಲ್ಪೆಯ ಬಾಲಕ್ಕೆ ಕಾಪು, ಕಾಪುವಿನ ಬಾಲಕ್ಕೆ ಪಡುಬಿದ್ರಿಯ ಬೀಚು ಜೋಡಿಸುತ್ತಾ ಹೋಗಬಹುದು. ಹೊರಟ ಮೇಲಿನ ಫೋನುಗಳನ್ನೂ ಗಮನಿಸಬೇಕು. ಹನ್ನೆರಡಕ್ಕೆ ‘ಎಲ್ಲಿ ಮುಟ್ಟಿದ್ರಿ? ಊಟ ಅಲ್ಲಿಯೇ ಆಗ್ತದಲ್ವಾ?’ ಮೂರಕ್ಕೆ ‘ಗಡಿಬಿಡಿ ಮಾಡ್ಬೇಡಿ, ನಿಧಾನ ಬನ್ನಿ.’ ಐದಕ್ಕೆ ‘ಮಲ್ಪೆ ಇನ್ನೂ ನೋಡ್ಲಿಲ್ವಾ? ಅದನ್ನು ಬಿಡ್ಬೇಡಿ ಮತ್ತೆ.’ ಪ್ರೀತಿಯಿಂದ ಆಡಿದ ಈ ಮಾತುಗಳಲ್ಲಿ ‘ಬೇಗ ಬನ್ನಿ’ ಎಂಬ ಪದಜೋಡಿ ಒಂದು ಸಲವೂ ಬಂದಿಲ್ಲ. ‘ನೀವೂ ಬನ್ನಿ’ ಎಂದು ಕರೆದಾಗಲಂತೂ ಸೊಂಟನೋವು, ಗ್ಯಾಸ್ ಸಿಲಿಂಡರ್ ಬರುವ ದಿನ, ಕಾರಿನಲ್ಲಿ ಜಾಗವಿಲ್ಲ ಎಂಬ ಮೂರು ಕಾರಣಗಳು ಒಟ್ಟಿಗೇ ಸಿದ್ಧವಾಗಿರುತ್ತವೆ. ಯಜಮಾನರೇ ಡ್ರೈವರಾಗಿ ಹೋದರೆ ಸಿದ್ಧಿ ಸಂಪೂರ್ಣ.

ಗಟ್ಟಿ ಪೂರ್ವಪಕ್ಷ ಈಗ ಬರುತ್ತದೆ. ಸ್ಥಾಲೀಪುಲಾಕ ನ್ಯಾಯದಂತೆ ಒಂದು ಅಗುಳು ಹಿಸುಕಿದರೆ ಪಾತ್ರೆಯ ಅನ್ನವೆಲ್ಲ ಬೆಂದದ್ದು ತಿಳಿಯುತ್ತದೆ. ಹಾಗೆಯೇ ಉಡುಪಿಯನ್ನು ಅರಿಯಲು ಒಂದು ದಿನ ಸಾಕು, ಆದ್ದರಿಂದ ಈ ಪ್ರವಾಸ ನೋಡುವುದಕ್ಕೇ ಆಗಿದೆ ಎಂಬುದು ವಾದ. ನ್ಯಾಯ ಸರಿ, ಪಾತ್ರೆ ಸರಿಯಿಲ್ಲ. ಎಲ್ಲ ಅಗುಳೂ ಒಂದೇ ಹೊತ್ತಿಗೆ ಒಲೆಯೇರಿದ್ದರೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ. ಉಡುಪಿಯಲ್ಲಿ ಮಠ ಬೆಂದದ್ದು 13ನೇ ಶತಮಾನದಲ್ಲಿ, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಒಲೆಯೇರಿದ್ದು 1953ರಲ್ಲಿ, ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಬಂಡೆಗಳ ಲಾವಾ ತಣ್ಣಗಾದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಬೇರೆಯಾಗುತ್ತಿದ್ದ ಕಾಲದಲ್ಲಿ. ಒಂದು ದಿನದವರು ಇದಕ್ಕೆ ಕೊಡುವ ಸಮಯವೆಷ್ಟು? ಭೂಖಂಡ ಒಡೆದದ್ದಕ್ಕೆ ದೋಣಿ ಬರುವವರೆಗಿನ ಮುಕ್ಕಾಲು ಗಂಟೆ, ಅದರಲ್ಲೂ ಹೆಚ್ಚಿನದು ಫೋಟೋಗೆ. ಮಳೆಗಾಲದಲ್ಲಿ ದೋಣಿಯೇ ಇಲ್ಲ. ಮಠದ ಲೆಕ್ಕವೂ ಹೀಗೆಯೇ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪರ್ಯಾಯವನ್ನು, ಅಂದರೆ ಕೃಷ್ಣಪೂಜೆಯ ಸರದಿಯನ್ನು, ವಾದಿರಾಜ ಯತಿಗಳು ಎರಡು ವರ್ಷಕ್ಕೆ ಹಿಗ್ಗಿಸಿದರು, ಎಂಟು ಮಠಗಳ ಒಂದು ಸುತ್ತು ಮುಗಿಯಲು ಈಗ 16 ವರ್ಷ ಬೇಕು. ಆ ವ್ಯವಸ್ಥೆಯನ್ನು ನೆಂಟರು ಅಂಗಿ ಕಳಚಿ ಕ್ಯೂ ನಿಂತು, ನವಗ್ರಹ ಕಿಂಡಿಯ ಒಂಬತ್ತು ತೂತುಗಳಲ್ಲಿ ಒಂದಕ್ಕೆ ಕಣ್ಣು ಹಚ್ಚುವಷ್ಟರಲ್ಲಿ ಹಿಂದಿನವರಿಗೆ ಜಾಗ ಬಿಟ್ಟು ಮುಗಿಸುತ್ತಾರೆ. ಇಷ್ಟು ದೊಡ್ಡ ಊರನ್ನು ಇಷ್ಟು ಕಡಿಮೆ ನೋಡಲು ಯಾರೂ ಇಷ್ಟು ದೂರ ಹೋಗುವುದಿಲ್ಲ. ಆದರೂ ಹೋಗುತ್ತಾರೆಂದರೆ ಪ್ರಯೋಜನ ಹೊರಟ ಮನೆಯಲ್ಲಿದೆ ಎಂದೇ ತಿಳಿಯಬೇಕು.

ಸಿದ್ಧಾಂತ ಉಡುಪಿಗಷ್ಟೇ ಸಲ್ಲುತ್ತದೆಯೋ ಎಂದರೆ, ಇಲ್ಲ. ಹೋದ ವರ್ಷ ಬಂದು ಉಡುಪಿ ಮುಗಿಸಿದ ನೆಂಟರಿಗೆ ಪೂರ್ವದಲ್ಲಿ ಗೊಮ್ಮಟರಿದ್ದಾರೆ: ಕಾರ್ಕಳದಲ್ಲಿ 1432ರ 42 ಅಡಿ, ವೇಣೂರಿನಲ್ಲಿ 1604ರ 35 ಅಡಿ, ಧರ್ಮಸ್ಥಳದಲ್ಲಿ ನಮ್ಮ ಕಾಲದ 39 ಅಡಿ. ಒಂದೇ ದಿನದಲ್ಲಿ 116 ಅಡಿ ವೈರಾಗ್ಯ. ಹೊಟ್ಟೆಗೆ ಧರ್ಮಸ್ಥಳದ ಅನ್ನಛತ್ರ. ದಕ್ಷಿಣಕ್ಕೆ ಹೊರಟರೆ ಕಾಸರಗೋಡು, ಸುಮಾರು 50 ಕಿಲೋಮೀಟರು. ದಾರಿಯಲ್ಲಿ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ಅತ್ತ ಮಧೂರು, ಅನಂತಪುರದ ಕೆರೆಯ ದೇವಸ್ಥಾನ, ಇನ್ನೂ ಕೆಳಗೆ ಬೇಕಲ ಕೋಟೆ. ಈ ದಿಕ್ಕಿನ ಪ್ರವಾಸಕ್ಕೆ ಸರಕಾರಗಳು ಕೊಟ್ಟ ಸಹಾಯಧನವನ್ನು ಇಲ್ಲಿ ನೆನೆಯಲೇಬೇಕು. 1956ರ ನವೆಂಬರ್ 1ರವರೆಗೆ ಮಂಗಳೂರಿನಿಂದ ಕಾಸರಗೋಡಿಗೆ ಹೋದವರು ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಸುತ್ತಿದಂತಾಗುತ್ತಿತ್ತು. ಅಂದು ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಅದೇ ದಾರಿಗೆ, ಅದೇ ಸೆಕೆಗೆ ‘ಕೇರಳ ನೋಡಿಕೊಂಡು ಬಂದೆವು’ ಎಂಬ ಹೆಗ್ಗಳಿಕೆ ಬಂತು. ಅತ್ತಲಿನ ಕನ್ನಡಿಗರು ಅದಕ್ಕೆ ತೆತ್ತ ಬೆಲೆ ಬೇರೆಯೇ ಪ್ರಬಂಧದ ವಿಷಯ. 1997ರ ಆಗಸ್ಟಿನಲ್ಲಿ ಉಡುಪಿಯನ್ನು ಬೇರೆ ಜಿಲ್ಲೆ ಮಾಡಿದ್ದರಿಂದ ಉತ್ತರದ ಪ್ರವಾಸಕ್ಕೂ ಅಷ್ಟೋ ಇಷ್ಟೋ ಘನತೆ ಏರಿತು. ನೆಂಟರನ್ನು ಹೊರಡಿಸುವುದಕ್ಕೆ ಬೇಕಾದದ್ದು ದೂರ ಮಾತ್ರವಲ್ಲ, ಊರಿಗೆ ಹೋಗಿ ಹೇಳಿಕೊಳ್ಳಲು ಒಂದು ಗಡಿಯೂ ಬೇಕು.

ಅಭಿವೃದ್ಧಿವಾದಿಗಳ ಆಕ್ಷೇಪ ಇನ್ನೊಂದು. ರಸ್ತೆ ಅಗಲವಾಗುತ್ತಿದೆ, ರೈಲು ವೇಗವಾಗುತ್ತಿದೆ. ಊಟಾಂತರ ಕುಗ್ಗಿ ಒಂದು ದಿನ ಉಡುಪಿಯೂ ಕಟೀಲಿನ ಸ್ಥಿತಿಗೆ ಇಳಿಯುವುದಿಲ್ಲವೆ? ಭಯಕ್ಕೆ ಕಾರಣವಿದೆ. ವರ್ಷಗಟ್ಟಲೆ ಎಳೆದು ಊರಿಗೆಲ್ಲ ನಗೆಪಾಟಲಾಗಿದ್ದ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ 31ರಂದು ತೆರೆದೇಬಿಟ್ಟಿತು. ಸುರತ್ಕಲ್ ಟೋಲ್‌ಗೇಟು 2022ರ ಡಿಸೆಂಬರ್ 1ರಿಂದ ನಿಂತಿತು. 2023ರ ಡಿಸೆಂಬರಿನಲ್ಲಿ ಮಂಗಳೂರು–ಮಡಗಾಂವ್ ವಂದೇ ಭಾರತ್ ರೈಲೂ ಬಂತು. ಆದರೆ ನಂತೂರು, ಕೊಟ್ಟಾರ ಚೌಕಿ, ಕೂಳೂರು ಸೇತುವೆ ಎಂಬ ವಾಹನದಟ್ಟಣೆಯ ಗಂಟುಗಳು ಆತಿಥೇಯರ ಪಕ್ಷದಲ್ಲಿ ಅಲುಗಾಡದೆ ನಿಂತಿವೆ. ಗೇಟು ಒಂದು ಹೋದರೂ ಹೆಜಮಾಡಿಯದು ಉಳಿದಿದೆ. ರೈಲಿನ ವಿಷಯದಲ್ಲೂ ಅಂಜಬೇಕಾಗಿಲ್ಲ. ಮಂಗಳೂರಿನಲ್ಲಿ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಹೊರಗಿನವರು ಇವೆರಡರ ಭೇದವನ್ನು ಸಾಕ್ಷಾತ್ಕರಿಸಿಕೊಳ್ಳುವುದು ಬಹುತೇಕ ತಪ್ಪಾದ ನಿಲ್ದಾಣದಲ್ಲಿ ನಿಂತಾಗಲೇ. ಅತ್ತ ಇಳಿಯುವುದೋ ಉಡುಪಿ ಪೇಟೆಯ ಹೊರಗಿನ ಇಂದ್ರಾಳಿಯಲ್ಲಿ. ಮಠದ ರಥಬೀದಿಗೆ ಮತ್ತೆ ರಿಕ್ಷಾ ಹಿಡಿಯಬೇಕು. ವಾಪಸಿನ ರೈಲು ತನ್ನ ಹೊತ್ತಿಗೇ ಬರುತ್ತದಾದ್ದರಿಂದ, ಮನಸ್ಸು ಬಂದಾಗ ಕಾರು ತಿರುಗಿಸಿ ನಾಲ್ಕಕ್ಕೇ ಬಾಗಿಲಲ್ಲಿ ನಿಲ್ಲುವ ಅಪಾಯವೂ ಇಲ್ಲ.

ಲಾಡ್ಜಿನಲ್ಲಿ ಉಳಿದವರಿಗೆ ಆತಿಥೇಯರೇ ಇಲ್ಲ, ಅವರೂ ಉಡುಪಿಗೆ ಹೋಗುತ್ತಾರಲ್ಲ ಎಂದು ಕೆಲವರು ಕೇಳಬಹುದು. ಕೋಣೆಯ ಒಳಗೆ ಇಣುಕಿದರೆ ಉತ್ತರ ಸಿಗುತ್ತದೆ. ‘ನೀವೆಲ್ಲ ಹೋಗಿ ಬನ್ನಿ, ನನಗೆ ಯಾಕೋ ಸುಸ್ತು’ ಎಂದು ಹಾಸಿಗೆಯಲ್ಲೇ ಉಳಿಯುವ ಒಬ್ಬರು ಪ್ರತಿ ಕುಟುಂಬದಲ್ಲೂ ಇರುತ್ತಾರೆ. ಎರಡು ದಿನದಿಂದ ಒಗೆದ ಬಟ್ಟೆ ಹರವಿ, ಮಕ್ಕಳ ಚಪ್ಪಲಿ ಹುಡುಕಿ, ಯಾರಿಗೆ ಯಾವ ಊಟ ಒಗ್ಗುತ್ತದೆಂದು ಲೆಕ್ಕ ಇಟ್ಟವರು ಅವರೇ. ಅವರೇ ಅಲ್ಲಿನ ಗುಪ್ತ ಆತಿಥೇಯ. ಸಿದ್ಧಾಂತಕ್ಕೆ ಬಾಧೆಯಿಲ್ಲ.

ಹಾಗಾದರೆ ಉಡುಪಿಯವರ ಮನೆಗೇ ಬಂದ ನೆಂಟರ ಗತಿಯೇನು? ಇದನ್ನು ಪ್ರತಿವಾದಿಗಳು ಬ್ರಹ್ಮಾಸ್ತ್ರವೆಂದು ತಿಳಿದಿದ್ದಾರೆ. ವಾಸ್ತವದಲ್ಲಿ ಇದು ನಮ್ಮ ಬತ್ತಳಿಕೆಯದು. ಉಡುಪಿಗೆ ಬಂದ ನೆಂಟರನ್ನು ಮೂರನೆಯ ದಿನ ಮಂಗಳೂರಿಗೆ ಕಳಿಸುತ್ತಾರೆ! ಮಂಗಳೂರಿನವರ ನೆಂಟರು ನೋಡದೆ ಬಿಟ್ಟ ಸೈಂಟ್ ಅಲೋಶಿಯಸ್ ಚಾಪೆಲಿನೊಳಗೆ ಇಟಲಿಯ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ಕತ್ತೆತ್ತಿ ನೋಡುವವರು, ಕದ್ರಿಯಲ್ಲಿ 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯ ಮುಂದೆ ನಿಲ್ಲುವವರು ಉಡುಪಿಯವರ ನೆಂಟರು. ಬೇಸಗೆ ರಜೆಯ ಯಾವ ಬೆಳಗ್ಗೆ ನೋಡಿದರೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಹೆಚ್ಚುಕಡಿಮೆ ನಡುದಾರಿಯಾದ ಮೂಲ್ಕಿಯ ಆಸುಪಾಸಿನಲ್ಲಿ, ಈ ಎರಡು ದಂಡುಗಳು ಪರಸ್ಪರ ದಾಟಿಹೋಗುತ್ತಿರುತ್ತವೆ. ನೋಡುವುದೇ ಉದ್ದೇಶವಾಗಿದ್ದರೆ ಎರಡರಲ್ಲಿ ಒಂದೂರು ಹೆಚ್ಚೆಂದು ತೀರ್ಮಾನವಾಗಿ ಎಲ್ಲರೂ ಒಂದೇ ಕಡೆಗೆ ಹರಿಯಬೇಕಿತ್ತು. ಎರಡೂ ಕಡೆಗೆ ಸಮಸಮವಾಗಿ ಹರಿಯುತ್ತಾರೆಂದರೆ, ಆಕರ್ಷಣೆಯ ಶಕ್ತಿ ಇಲ್ಲಿ ಕೆಲಸ ಮಾಡುತ್ತಿಲ್ಲ, ಎರಡು ಅಡುಗೆಮನೆಗಳು ಏಕಕಾಲಕ್ಕೆ ಹೊರಕ್ಕೆ ತಳ್ಳುತ್ತಿವೆ ಎಂದೇ ಅರ್ಥ.

ಕೊನೆಯದು ನೀತಿಯ ಪ್ರಶ್ನೆ. ಅತಿಥಿ ದೇವರಿಗೆ ಸಮಾನವೆನ್ನುವ ನಾಡಿನಲ್ಲಿ ದೇವರನ್ನು ಹೀಗೆ ಸಾಗಹಾಕಬಹುದೆ? ಹಾಕಬಹುದು, ಶಾಸ್ತ್ರೋಕ್ತವಾಗಿಯೇ. ಕರಾವಳಿಯ ದೇವಸ್ಥಾನಗಳಲ್ಲಿ ಜಾತ್ರೆಯ ಸಮಯಕ್ಕೆ ದೇವರೇ ಗರ್ಭಗುಡಿಯಿಂದ ಹೊರಗೆ ಬಂದು ಪೇಟೆ ಸವಾರಿ ಹೋಗುತ್ತಾರೆ, ಕಟ್ಟೆಕಟ್ಟೆಯಲ್ಲಿ ಪೂಜೆ ಪಡೆಯುತ್ತಾರೆ, ಹೊತ್ತಾಗಿ ಮರಳುತ್ತಾರೆ. ಇದರಿಂದ ಭಕ್ತಿ ಕಡಿಮೆಯಾಯಿತೆಂದು ಯಾರೂ ಹೇಳಿಲ್ಲ. ನೆಂಟರ ವಿಷಯದಲ್ಲೂ ಅನುಭವ ಅದೇ: ಒಂದು ದಿನ ದೂರವಿದ್ದು ಬಂದವರ ಮೇಲೆ ನಾಲ್ಕನೆಯ ದಿನದ ಪ್ರೀತಿ ಮೊದಲ ದಿನದಷ್ಟೇ ತಾಜಾ ಆಗಿರುತ್ತದೆ, ಮತ್ತೆ ಅರವತ್ತು ನೀರ್‌ದೋಸೆಗೆ ಅಕ್ಕಿ ನೆನೆಯುತ್ತದೆ.

ಇನ್ನು ಫಲಶ್ರುತಿ. ಈ ಪ್ರಬಂಧವನ್ನು ಓದಿದ ನೆಂಟರು ಉಡುಪಿಯನ್ನು ಪೂರ್ತಿ ನೋಡಲಾಗಲಿಲ್ಲವೆಂದು ಕೊರಗಬೇಕಾಗಿಲ್ಲ. ಅವರು ಮಾಡಬೇಕಾದ ಕೆಲಸ ಮಂಗಳೂರಿನ ಹೊಸ್ತಿಲು ದಾಟಿದ ಕ್ಷಣವೇ ಆಗಿಹೋಗಿದೆ. ಉಳಿದದ್ದು ಒಂದೇ ಕರ್ತವ್ಯ. ವಾಪಸು ಬರುತ್ತಾ ಮಲ್ಪೆಯಲ್ಲೋ ಪಡುಬಿದ್ರಿಯಲ್ಲೋ ಸುರತ್ಕಲ್ಲಿನಲ್ಲೋ ಗಾಡಿ ನಿಲ್ಲಿಸಿ, ರಾತ್ರಿಯ ಊಟ ಮುಗಿಸಿ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ‘ನಮ್ಮದೆಲ್ಲ ಊಟ ಆಯ್ತು’ ಎಂದು ಸ್ಪಷ್ಟವಾಗಿ ಹೇಳಬೇಕು. ಹಾಗಲ್ಲದೆ, ‘ಏನೂ ಬೇಡ ಅತ್ತಿಗೆ, ಲೈಟಾಗಿ ಏನಾದ್ರೂ ಸಾಕು’ ಎಂದುಬಿಟ್ಟರೆ, 8.8 ಕೋಟಿ ವರ್ಷದ ಬಂಡೆ, ಮೂರು ಗೊಮ್ಮಟರು, ಅಷ್ಟಮಠಗಳು ಎಲ್ಲ ಸೇರಿದರೂ ಆ ದಿನವನ್ನು ಉಳಿಸಲಾರವು. ಆ ಲೈಟಾದ ಏನಾದರೊಂದಕ್ಕೆ ತೆಂಗಿನಕಾಯಿ ತುರಿಯಲೇಬೇಕು.